ಮೈಬಿಸಿ ಅಳಿಸುವ ಕೆಲಸ

ಮೂರನೆಯ ಮಂಚದ ಹೆಂಗಸಿನ ಹೊಟ್ಟೆಯ ಮೇಲಿನ ಪಟ್ಟಿಯನ್ನು ಸಿಸ್ಟರ್ ಬಿಚ್ಚಿ ಹೋಗಿದ್ದರು. ವಾರಿಜಾ ಎಡಗೈಯಲ್ಲಿ ಹೊದಿಕೆಯನ್ನು ಬೇಕಾದಷ್ಟೇ ಸರಿಸಿ ಹಿಡಿದು, ಬಲಗೈಯಲ್ಲಿ ನನ್ನನ್ನು ಗಾಯದ ನೇರಕ್ಕೆ ಎತ್ತಿದ್ದಳು. ಬೆಳಗಿನಿಂದ ಎಷ್ಟನೆಯ ಗಾಯವೋ ಅದು. ಇನ್ನೂ ಅರ್ಧ ವಾರ್ಡು ಬಾಕಿಯಿತ್ತು. ನನ್ನ ತೂಕ ಹೆಚ್ಚೇನಿಲ್ಲ, ಆದರೂ ಅವಳು ಮೊಣಕೈಯನ್ನು ಮಂಚದ ಅಂಚಿಗೆ ಊರಿದ್ದಳು.

“ಮುಖ ಬರ್ತದಾ ಮೇಡಂ?” ಎಂದು ಆ ಹೆಂಗಸು ಕೇಳಿದಳು.

“ಇಲ್ಲಮ್ಮ. ಗಾಯ ಮಾತ್ರ.”

“ಹಾಗಾದ್ರೆ ಪೌಡರ್ ಹಾಕಿದ್ದು ದಂಡ.”

ವಾರಿಜಾ ನನ್ನ ಬೆನ್ನಿನ ಪರದೆಯನ್ನು ನೋಡಿದಳು. ಹೊಲಿಗೆಯ ಸುತ್ತ ಕೆಂಪು ಇರಬೇಕಾದಲ್ಲಿ ನೀಲಿ ಹರಡಿಕೊಂಡಿತ್ತು. ಮೊನ್ನೆ ಕೊಯ್ದ ಹೊಟ್ಟೆ ಇಷ್ಟು ತಣ್ಣಗಿರುವುದಿಲ್ಲ. ವಿಚಾರಿಸಿದಾಗ ಸಂಗತಿ ಹೊರಬಿತ್ತು. ಫೋಟೋ ತೆಗೆಯುವವರು ಬರುತ್ತಾರೆಂದು ಕೇಳಿ, ವಾರ್ಡಿನ ಹೆಂಗಸರೆಲ್ಲ ಬೆಳಿಗ್ಗೆಯೇ ಪಟ್ಟಿಯ ಅಂಚಿನವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಪೌಡರ್ ಬಳಿದುಕೊಳ್ಳುತ್ತಿದ್ದರು. ಪರರಿಗೆ ಹೊಟ್ಟೆ ತೋರಿಸುವುದೇ ಸಂಕೋಚ. ತೋರಿಸಲೇಬೇಕಾದರೆ ಚೊಕ್ಕವಾಗಿಯಾದರೂ ಇರಲಿ ಎಂಬ ಮರ್ಯಾದೆ. ಒದ್ದೆ ಚರ್ಮ ನನ್ನ ಕಣ್ಣಿಗೆ ತಣ್ಣಗೆ ಕಾಣುತ್ತದೆ, ಮಾಯುತ್ತಿರುವ ಗಾಯವೂ ಹಾಗೆಯೇ. ನಾವು ಅಲ್ಲಿಯವರೆಗೆ ಕೂಡಿಹಾಕಿದ ಚಿತ್ರಗಳನ್ನು ನಂಬುವುದಾದರೆ, ಆ ವಾರ್ಡಿನ ಗಾಯಗಳಷ್ಟು ಬೇಗ ಮಾಯುವ ಗಾಯ ಲೋಕದಲ್ಲೇ ಇರಲಿಲ್ಲ. ವಾರಿಜಾ ಯಾರನ್ನೂ ಗದರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಲ್ಲ ಎಂದು ಮಂಚದ ಕಂಬಿಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚಿದಳು.

ನಾನು ಬಿಸಿಯನ್ನು ಕಾಣುವ ಕ್ಯಾಮೆರಾ. ಬೆಳಕು, ಬಣ್ಣ, ಚೆಲುವು ನನಗೆ ತಿಳಿಯವು. ಪರದೆಯ ಮೇಲಿನ ಕೆಂಪು ನೀಲಿಗಳು ಮನುಷ್ಯರ ಅನುಕೂಲಕ್ಕಾಗಿ ಹಚ್ಚಿದವು. ನಾನು ಹುಟ್ಟಿದ್ದು ದೂರದ ಚಳಿದೇಶದ ಒಂದು ಕಾರ್ಖಾನೆಯಲ್ಲಿ. ಕಣ್ಣು ತೆರೆದಾಗ ಮೊದಲು ಕಂಡದ್ದು ತಾಯಿಯ ಮುಖವಲ್ಲ, ಒಂದು ಕಪ್ಪು ಫಲಕ. ಅದನ್ನು ಇಂತಿಷ್ಟೇ ಬಿಸಿಮಾಡಿ ನನ್ನೆದುರು ಹಿಡಿದು, ಇದನ್ನು ಮರೆಯಬೇಡ ಎಂಬಂತೆ ಮತ್ತೆ ಮತ್ತೆ ತೋರಿಸಿದರು. ಚಿತ್ರದ ಜೊತೆ ಎರಡು ಮಾತು ಹೇಳಿಡಲೆಂದು ಒಂದು ಪುಟ್ಟ ಮೈಕ್ ಕೂಡಿಸಿದರು. ಮಾತು ಕೇಳುವ ಅಭ್ಯಾಸ ನನಗೆ ಹತ್ತಿದ್ದು ಅದರಿಂದಲೇ. ಆಗಾಗ ರೆಪ್ಪೆ ಮಿಟುಕಿಸಿ ಟಕ್ ಎನ್ನುತ್ತೇನೆ. ಹೊಸಬರು ಬೆಚ್ಚುತ್ತಾರೆ.

ಮಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ನಾನು ಬಂದಾಗ ಪೆಟ್ಟಿಗೆ ತೆರೆದವಳು ವಾರಿಜಾ. ಅಲ್ಲಿನ ಯಜಮಾನರು ಪ್ರೊಫೆಸರ್ ಹೊಳ್ಳರು. ಒಳ್ಳೆಯವರು, ಆದರೆ ಎದುರಿಗಿದ್ದವರ ಮಾತು ಅವರನ್ನು ತಲಪಲು ತುಸು ಹೊತ್ತು ಬೇಕು. ಅವರದು ಒಂದೇ ಹುಚ್ಚು. ಕೊಯ್ದ ಗಾಯ ಇರಲಿ, ಕಾರ್ಖಾನೆಯ ಗೇರುಬೀಜ ಇರಲಿ, ಜನ ವಾಸಿಸುವ ಮನೆ ಇರಲಿ, ಬಿಸಿ ಮತ್ತು ತೇವ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆ ಎನ್ನುವುದು ತಿಳಿದರೆ ಅರ್ಧ ಕಷ್ಟ ಕಳೆದಂತೆ ಎನ್ನುತ್ತಿದ್ದರು. ಆ ಬಿಸಿಯನ್ನು ಹುಡುಕಿಕೊಂಡು ಅಲೆಯುವ ಕೆಲಸ ಮಾತ್ರ ನನ್ನದು ಮತ್ತು ವಾರಿಜಾಳದು. ಅವಳು ಕಾಯಂ ನೌಕರಳಲ್ಲ. ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು.

ಪ್ರತಿದಿನ ಕೆಲಸಕ್ಕೆ ಮುಂಚೆ ಅವಳು ನನ್ನ ಕಣ್ಣು ಸರಿಯಿದೆಯೇ ಎಂದು ತನ್ನ ಅಂಗೈಯನ್ನೇ ಎದುರು ಹಿಡಿದು ಪರೀಕ್ಷಿಸುತ್ತಿದ್ದಳು. ಹಾಗಾಗಿ ಯಾವ ವೈದ್ಯರಿಗಿಂತ ಮೊದಲು ನನಗೆ ಗೊತ್ತಾಯಿತು. ಅಂಗೈ ಬೆಚ್ಚಗಿರುತ್ತಿತ್ತು, ಬೆರಳ ತುದಿಗಳು ತಿಂಗಳಿಂದ ತಿಂಗಳಿಗೆ ತಣ್ಣಗಾಗುತ್ತಿದ್ದವು. ಮೈಯ ರಕ್ತ ಎಲ್ಲಿಯೋ ಸೋರಿಹೋಗುತ್ತಿತ್ತು.

ಎಲ್ಲಿ ಎನ್ನುವುದನ್ನು ವಾರ್ಡಿನ ಡಾಕ್ಟರ್ ರೆನಿಟಾ ಒಂದು ದಿನ ಅವಳ ಸ್ಕ್ಯಾನ್ ವರದಿ ಹಿಡಿದು ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು. ಗರ್ಭಕೋಶದಲ್ಲಿ ಗಡ್ಡೆ ಬೆಳೆಯುತ್ತಿದೆ, ತೆಗೆಸಬೇಕು.

“ಈ ಪ್ರಾಜೆಕ್ಟ್ ಒಂದು ಮುಗೀಲಿ ಡಾಕ್ಟ್ರೆ,” ಎಂದಳು ವಾರಿಜಾ.

“ಪ್ರಾಜೆಕ್ಟ್ ಮುಗಿಯುವಾಗ ನಿಮ್ಮಲ್ಲಿ ರಕ್ತ ಎಂತ ಉಳೀತದೆ? ಇಡೀ ದಿನ ಬೇರೆಯವರ ಹೊಟ್ಟೆ ನೋಡ್ತೀರಿ. ನಿಮ್ಮದನ್ನೊಂದು ನೋಡಿಕೊಳ್ಳಿ.”

ವಾರಿಜಾ ನಕ್ಕಳು. ಅವಳ ಹೆದರಿಕೆ ಕತ್ತಿಯದಾಗಿರಲಿಲ್ಲ. ಮನೆಗೆ ಹೋದ ಹೆಂಗಸರು ಮತ್ತೆ ತೋರಿಸಲು ಬಂದಾಗ ಅವರ ಗಾಯಗಳನ್ನು ನನ್ನ ಪರದೆಯಲ್ಲಿ ಕಂಡವಳು ಅವಳು. ವಾರ್ಡಿನಲ್ಲಿ ತಣಿಯುತ್ತಾ ಬಂದ ಗಾಯ ಮನೆಯಲ್ಲಿ ಮತ್ತೆ ಕೆಂಡವಾಗಿರುತ್ತಿತ್ತು. ಕೇಳಿದರೆ, ಹೆಚ್ಚೇನೂ ಮಾಡಲಿಲ್ಲ, ಒಂದು ಕೊಡ ನೀರು ಎತ್ತಿದ್ದು ಅಷ್ಟೆ, ದೋಸೆಗೆ ಅರೆದದ್ದು ಅಷ್ಟೆ ಎನ್ನುತ್ತಿದ್ದರು. ತನ್ನದೂ ಅದೇ ಕಥೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಸ್ಪತ್ರೆಯ ಪ್ರಾಜೆಕ್ಟ್ ಮುಗಿಯಿತು. ಗಡ್ಡೆ ಅಲ್ಲೇ ಉಳಿಯಿತು. ನಮ್ಮನ್ನು ಊರ ಹೊರಗಿನ ಒಂದು ಗೇರುಬೀಜದ ಕಾರ್ಖಾನೆಗೆ ಕಳಿಸಿದರು.

ಅಲ್ಲಿ ಬೋರ್ಮಾ ಎಂಬ ಒಣಗಿಸುವ ಕೋಣೆಯಿತ್ತು. ಚಿಪ್ಪು ಒಡೆದ ಬೀಜವನ್ನು ತಟ್ಟೆಗಳಲ್ಲಿ ಹರವಿ ಅದರೊಳಗೆ ತಳ್ಳುತ್ತಾರೆ. ಬಿಸಿಗಾಳಿಯಲ್ಲಿ ಒಣಗಿದ ಮೇಲೆ ಹೆಂಗಸರು ಸಾಲಾಗಿ ಕೂತು ಬೆರಳಲ್ಲಿ ಅದರ ಸಿಪ್ಪೆ ಸುಲಿಯುತ್ತಾರೆ. ಕಡಿಮೆ ಒಣಗಿದರೆ ಸಿಪ್ಪೆ ಬಿಡದು, ಹೆಚ್ಚಾದರೆ ಬೀಜ ತುಂಡಾಗುತ್ತದೆ. ಯಾವ ಮೂಲೆಯ ತಟ್ಟೆ ಹದವಾಗಿ ಒಣಗುತ್ತದೆ ಎಂದು ನಾನು ನೋಡಬೇಕಿತ್ತು. ಆ ತಟ್ಟೆಯ ಬೀಜ ಎಷ್ಟು ಸಲೀಸಾಗಿ ಸುಲಿಯುತ್ತದೆ ಎಂಬುದನ್ನು ಸಂಜೆ ಸುಲಿದವಳ ಬುಟ್ಟಿಯ ತೂಕ ಹೇಳುತ್ತಿತ್ತು.

ಕೆಳಗಿನ ಎಡಮೂಲೆಯ ತಟ್ಟೆ ಎಲ್ಲವನ್ನೂ ಮೀರಿಸಿತು. ಅದನ್ನು ಸುಲಿಯುತ್ತಿದ್ದವಳು ಗುಲಾಬಿ. ಅವಳು ಗರ್ಭಕೋಶ ತೆಗೆಸಿಕೊಂಡು ಆಗಷ್ಟೇ ಕೆಲಸಕ್ಕೆ ಮರಳಿದ್ದವಳು, ಬೆನ್ನಿಗೆ ದಿಂಬು ಕೊಟ್ಟು ಕೂರುತ್ತಿದ್ದಳು. ಅಂಥವಳ ಬುಟ್ಟಿಯೇ ಇಷ್ಟು ತೂಗಿದರೆ ಆ ಮೂಲೆಯಲ್ಲಿ ಏನೋ ವಿಶೇಷವಿದೆ ಎಂದು ಹೊಳ್ಳರು ಹಿಗ್ಗಿದರು. ಬೋರ್ಮಾದ ಗಾಳಿಯ ದಾರಿಯನ್ನೇ ಬದಲಿಸಿ ಎಲ್ಲ ಮೂಲೆಗಳನ್ನೂ ಹಾಗೆ ಮಾಡುವ ಯೋಚನೆ ಹಾಕಿದರು.

ಊಟದ ನಂತರ ವಾರಿಜಾ ನನ್ನನ್ನು ಎತ್ತಿಕೊಂಡು ಗುಲಾಬಿಯ ಮೇಜಿನ ಹತ್ತಿರ ಹೋದಳು. ಅವಳ ಬುಟ್ಟಿಯ ತಳದಲ್ಲಿ ಬೀಜ ತಣ್ಣಗಿತ್ತು. ಮೇಲೆ ಅಲ್ಲಲ್ಲಿ ಮುಷ್ಟಿಯಷ್ಟು ದೊಡ್ಡ ಬೆಚ್ಚನೆಯ ಗುಪ್ಪೆಗಳಿದ್ದವು. ಅಂಗೈಯಲ್ಲಿ ಹಿಡಿದು ತಂದು ಹಾಕಿದ ಬೀಜ ಅದು. ನಾವು ನೋಡುತ್ತಿದ್ದಂತೆಯೇ ಪಕ್ಕದ ಸಾಲಿನ ಹೆಂಗಸೊಬ್ಬಳು ನೀರು ಕುಡಿಯಲು ಎದ್ದವಳಂತೆ ಬಂದು, ಇನ್ನೊಂದು ಹಿಡಿ ಹಾಕಿ ಹೋದಳು. ಆಸ್ಪತ್ರೆಯಿಂದ ಬಂದವಳು ಚೇತರಿಸಿಕೊಳ್ಳುವವರೆಗೆ ಸಾಲಿನ ಪ್ರತಿಯೊಬ್ಬರೂ ತಮ್ಮ ಬುಟ್ಟಿಯಿಂದ ಒಂದೊಂದು ಹಿಡಿ ಹಾಕುವುದು ಅಲ್ಲಿನ ವಾಡಿಕೆ. ಮೇಸ್ತ್ರಿಗೆ ಗೊತ್ತು, ಮಾತಾಡುವುದಿಲ್ಲ.

ಪರದೆಯಲ್ಲಿ ಹೊಳೆಯುತ್ತಿದ್ದ ಗುಪ್ಪೆಗಳನ್ನು ಗುಲಾಬಿಯೂ ಇಣುಕಿ ನೋಡಿದಳು.

“ನಿಮ್ಮ ಮಿಷನ್ ಚಾಡಿ ಹೇಳುವ ಜಾತಿಯದಾ ಅಕ್ಕ?”

“ಅದು ನೋಡ್ತದೆ ಮಾತ್ರ. ಹೇಳುವವಳು ನಾನು.” ವಾರಿಜಾ ಸ್ಟೂಲೆಳೆದು ಕೂತಳು. “ಮನೆಯಲ್ಲಿ ಯಾರು ಮಾಡಿದ್ರು ನಿಮಗೆ, ಆಪರೇಷನ್ ಆದ ಮೇಲೆ?”

“ಮನೆಗೆ ಹೋಗಿದ್ರೆ ಅಲ್ವಾ? ಆಸ್ಪತ್ರೆಯಿಂದ ಸೀದಾ ತಂಗಿಯಲ್ಲಿಗೆ ಹೋದೆ. ನಾನು ಎದುರಿಗಿದ್ರೆ ನಮ್ಮವರಿಗೆ ಕಣ್ಣೇ ಕಾಣುದಿಲ್ಲ. ಇಲ್ಲದಿದ್ರೆ ಎಲ್ಲ ಕಾಣ್ತದೆ, ಉಪ್ಪಿನ ಡಬ್ಬಿ ಸಮೇತ.”

ಸಾಲಿನವರೆಲ್ಲ ನಕ್ಕರು. ವಾರಿಜಾಳೂ ನಕ್ಕಳು, ಆದರೆ ಎಲ್ಲರ ನಗು ನಿಂತ ಮೇಲೂ ಅವಳು ಆ ಬುಟ್ಟಿಯನ್ನೇ ನೋಡುತ್ತಿದ್ದಳು. ಆ ಮೇಜಿನ ತೂಕದಲ್ಲಿ ಬೇರೆಯವರದೂ ಬೆರೆತಿದೆ, ಲೆಕ್ಕಕ್ಕೆ ಹಿಡಿಯಬೇಡಿ ಎಂದಷ್ಟೇ ಹೊಳ್ಳರಿಗೆ ತಿಳಿಸಿದಳು. ಹೊಳ್ಳರು ಎರಡು ದಿನ ಸಪ್ಪಗಿದ್ದರು. ಗಾಳಿಯ ದಾರಿ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ನನ್ನ ವಯಸ್ಸೂ ತೋರತೊಡಗಿತ್ತು. ಬೋರ್ಮಾದ ಬಾಯಿಯಲ್ಲಿ ನಿಂತು ನಿಂತು ಕಣ್ಣಿನ ಒಂದು ಅಂಚು ಕುರುಡಾಯಿತು. ಬ್ಯಾಟರಿ ಬೇಗ ಸೋಲುತ್ತಿತ್ತು. ನನ್ನ ಜಾಗಕ್ಕೆ ಹೊಸದೊಂದು ಬರಲಿದೆ ಎಂಬ ಮಾತು ನನ್ನೆದುರೇ ನಡೆಯುತ್ತಿತ್ತು. ಅದು ಬರುವವರೆಗೆ ಮೂರನೆಯ ಪ್ರಾಜೆಕ್ಟಿಗೆ ನಾನೇ ಗತಿ.

ಈ ಸಲ ಮನೆಗಳು. ತಾರಸಿ ಎಷ್ಟು ಬಿಸಿ ಹೀರುತ್ತದೆ, ಫ್ಯಾನು, ಏಸಿಗಳ ಕರೆಂಟು ಎಲ್ಲಿ ಪೋಲಾಗುತ್ತದೆ ಎಂದು ನೋಡಬೇಕು. ಒಂದೊಂದು ಮನೆಯ ಮೂಲೆಯಲ್ಲಿ ಎತ್ತರಕ್ಕೆ ನನ್ನನ್ನು ಕಟ್ಟಿ, ಬೆಳಗಿನಿಂದ ಮಲಗುವವರೆಗೆ ಚಿತ್ರ ತೆಗೆಸುತ್ತಿದ್ದರು. ಕೊನೆಯ ಮನೆಯವರು ಕೈಕೊಟ್ಟಾಗ ಹೊಳ್ಳರು ವಾರಿಜಾಳ ಮನೆಯೇ ಆಗಬಹುದು ಎಂದರು. ಹೀಗೆ ಕಾವೂರಿನ ಆ ಮನೆಯ ಅಡುಗೆಕೋಣೆಯ ಅಟ್ಟದ ಅಂಚಿನಲ್ಲಿ ಕೂತು ನಾನು ಅವಳ ಸಂಸಾರವನ್ನು ಕಂಡೆ.

ಗಂಡ ಜಯಕರ ಕೆಟ್ಟ ಮನುಷ್ಯನಲ್ಲ. ಬನಿಯನ್‌ನಲ್ಲಿ ಕೂತರೆ ಕಾಣುತ್ತದೆಯೇ ಎಂದು ನನ್ನನ್ನು ತೋರಿಸಿ ಕೇಳಿದ. ಬಿಸಿ ಮಾತ್ರ ಕಾಣುತ್ತದೆ ಎಂದಾಗ, ಹಾಗಾದರೆ ತಾನು ಕಾಣುವುದೇ ಇಲ್ಲ, ತಾನು ತಂಪು ಮನುಷ್ಯ ಎಂದು ನಗಿಸಿದ. ಮಗಳು ಶ್ರಾವ್ಯಾ ಪರೀಕ್ಷೆಗೆ ಓದುತ್ತಾ, ಹೋಗುತ್ತಾ ಬರುತ್ತಾ ನನ್ನ ಕಡೆ ಕೈಬೀಸಿದಳು. ಮಧ್ಯಾಹ್ನ ಬಡಿಸುತ್ತಾ ವಾರಿಜಾ ಆಪರೇಷನ್ನಿನ ಮಾತು ತೆಗೆದಳು. ಡಾಕ್ಟರು ತಡಮಾಡಬೇಡಿ ಎಂದಿದ್ದಾರೆ, ಆಮೇಲೆ ಮೂರು ತಿಂಗಳು ಭಾರ ಎತ್ತುವ ಹಾಗಿಲ್ಲ ಎಂದಳು.

“ಮಾಡಿಸು. ನಾನು ಬೇಡ ಅಂದೆನಾ?” ಎಂದ ಜಯಕರ. “ಇವಳ ಪರೀಕ್ಷೆ ಒಂದು ಮುಗೀಲಿ. ಸ್ವಲ್ಪ ಸಾರು ಹಾಕು.”

ಅವಳು ಸಾರು ಹಾಕಿದಳು.

ಮರುದಿನ ಪ್ರಯೋಗಾಲಯದಲ್ಲಿ ಆ ಚಿತ್ರಗಳನ್ನು ಶುಚಿಮಾಡುವ ಕೆಲಸ ಶುರುವಾಯಿತು. ಈ ಸಂಶೋಧನೆಯಲ್ಲಿ ಅದು ಮಾಮೂಲಿ ಕ್ರಮ. ಗೋಡೆ ಮತ್ತು ತಾರಸಿಯ ಬಿಸಿ ಮಾತ್ರ ಬೇಕು. ನಡುವೆ ಓಡಾಡುವ ಮನುಷ್ಯರ ಮೈಬಿಸಿ ಲೆಕ್ಕ ಕೆಡಿಸುತ್ತದೆ. ಹಾಗಾಗಿ ಪ್ರತಿ ಚಿತ್ರದಲ್ಲೂ ಮನುಷ್ಯರ ಆಕಾರಕ್ಕೆ ಹಿಂದಿನ ಗೋಡೆಯ ಬಣ್ಣ ಬಳಿದು ಅಳಿಸಬೇಕು. ಬೇರೆ ಮನೆಗಳ ಹೆಂಗಸರನ್ನೆಲ್ಲ ವಾರಿಜಾ ಹೀಗೆಯೇ ಅಳಿಸಿದ್ದಳು. ಈಗ ಅವಳದೇ ಸರದಿ.

ಗಂಡನನ್ನೂ ಮಗಳನ್ನೂ ಅಳಿಸುವುದು ಬೇಗ ಮುಗಿಯಿತು. ಅವರು ಬಂದರು, ಕೂತರು, ಉಂಡರು, ಹೋದರು. ಅವರು ಎದ್ದುಹೋದ ಮೇಲೂ ಕುರ್ಚಿಗಳಲ್ಲಿ ತುಸು ಹೊತ್ತು ಬಿಸಿ ಉಳಿದಿರುತ್ತಿತ್ತು, ಅದನ್ನೂ ಅಳಿಸಿದಳು. ಮೂರನೆಯ ಕುರ್ಚಿಯನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ಅದು ಬೆಳಗಿನಿಂದ ಮಲಗುವವರೆಗೆ ಗೋಡೆಯಷ್ಟೇ ತಣ್ಣಗಿತ್ತು. ಉಳಿದದ್ದು ಒಲೆಯ ಹತ್ತಿರ, ಸಿಂಕಿನ ಹತ್ತಿರ, ಫ್ರಿಜ್ಜಿನ ಹತ್ತಿರ ನಿಂತೇ ಇದ್ದ ಒಂದು ಆಕಾರ. ಹಲವು ಚಿತ್ರಗಳಲ್ಲಿ ಅದರ ಒಂದು ಕೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿತ್ತು. ಒಂದರಲ್ಲಿ ಹಣೆಯನ್ನು ಗೋಡೆಗೆ ಒರಗಿಸಿ ನಿಂತಿತ್ತು. ಮುಂದಿನದರಲ್ಲಿ ಅವಳಿರಲಿಲ್ಲ, ಗೋಡೆಯ ಮೇಲೆ ಹಣೆಯಷ್ಟೇ ಅಗಲದ ಬೆಚ್ಚನೆಯ ಕಲೆ ಇತ್ತು. ವಾರಿಜಾ ಆ ಕಲೆಯನ್ನು ದೊಡ್ಡದು ಮಾಡಿ ನೋಡಿದಳು. ಹೀಗೆ ನಿಂತದ್ದು ಅವಳಿಗೆ ನೆನಪೇ ಇರಲಿಲ್ಲ. ಆಮೇಲೆ ಅದನ್ನೂ ಅಳಿಸಿದಳು.

ಕೆಲಸ ಮುಗಿದಾಗ ಪರದೆಯ ಮೇಲೆ ಒಂದು ಅಚ್ಚುಕಟ್ಟಾದ ಮನೆಯಿತ್ತು. ಅಲ್ಲಿ ಒಲೆ ತಾನಾಗಿ ಹೊತ್ತಿಕೊಂಡು ತಾನಾಗಿ ಆರುತ್ತಿತ್ತು. ಅನ್ನದ ಪಾತ್ರೆ ಯಾರೂ ಎತ್ತದೆ ಮೇಜಿಗೆ ಬರುತ್ತಿತ್ತು.

ಹೊಳ್ಳರು ಬಂದು ನೋಡಿ ಮೆಚ್ಚಿದರು. ತಾರಸಿಗೆ ಬಿಳಿ ಬಣ್ಣ ಬಳಿಸಿ ಮುಂದಿನ ತಿಂಗಳು ಅದೇ ಮನೆಯಲ್ಲಿ ಇನ್ನೊಂದು ಸುತ್ತು ತೆಗೆಯಬೇಕು, ಅದರೊಂದಿಗೆ ಈ ಹಳೆಯ ಕ್ಯಾಮೆರಾದ ಕೆಲಸವೂ ಮುಗಿಯಿತು ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ನೀವು ಮನೆಯಲ್ಲಿ ಇಲ್ಲದಾಗ ಇಟ್ರೆ ಇನ್ನೂ ಒಳ್ಳೆದು ವಾರಿಜಾ. ಇಷ್ಟು ಅಳಿಸುವ ಕೆಲಸ ಇರುದಿಲ್ಲ.”

ಅವರು ಅದನ್ನು ಅವಳ ಶ್ರಮ ಉಳಿಯಲೆಂದೇ ಹೇಳಿದ್ದು. ವಾರಿಜಾ ಸ್ವಲ್ಪ ಹೊತ್ತು ಏನೂ ಮಾಡದೆ ಕೂತಳು. ಅವಳು ಏನೂ ಮಾಡದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಫೋನೆತ್ತಿ, ಮುಂದಿನ ತಿಂಗಳು ವಾರ್ಡಿನಲ್ಲಿ ಮಂಚ ಸಿಗ್ತದಾ ಎಂದು ಡಾಕ್ಟರ್ ರೆನಿಟಾರನ್ನು ಕೇಳಿದಳು.

ನನ್ನ ಮುಂದಿರುವುದು ಕಪಾಟಿನ ಮೇಲಿನ ಅರೆ. ಅಲ್ಲಿ ನನಗೆ ತೋರಿಸಲು ಯಾರೂ ಏನನ್ನೂ ಹಿಡಿಯುವುದಿಲ್ಲ. ಬೇಸರವಿಲ್ಲ, ದಣಿವಿದೆ. ಗಾಯ, ಬೀಜ, ಮನೆ ಎಂದು ಇಷ್ಟು ವರ್ಷ ಬಿಸಿಯನ್ನು ಅಳೆದೆ. ಅದು ಯಾರ ಮೈಯಿಂದ ಹೊರಡುತ್ತದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಮುಂದಿನ ಸುತ್ತಿಗೆ ನನ್ನನ್ನು ಸಿದ್ಧಮಾಡಲು ವಾರಿಜಾ ನನ್ನ ಗುಂಡಿಗಳನ್ನು ಒತ್ತತೊಡಗಿದಳು. ದಿನಾಂಕದ ಜಾಗದಲ್ಲಿ ಶ್ರಾವ್ಯಾಳ ಪರೀಕ್ಷೆಯ ಮೊದಲ ದಿನ ಹಾಕಿದಳು. ಎಷ್ಟು ಕಾಲ ಎಂಬಲ್ಲಿ ಒಂದು ದಿನ ಎಂದಿದ್ದದ್ದನ್ನು, ನನ್ನ ನೆನಪು ಹಿಡಿಯುವಷ್ಟು ಕಾಲ ಎಂದು ಬದಲಿಸಿದಳು. ಮನೆಯಲ್ಲಿ ಇರುವವರು ಎಷ್ಟು ಮಂದಿ ಎಂದು ನಾನು ಪರದೆಯ ಮೇಲೆ ಕೇಳಿದೆ. ಅದು ನಾನು ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆ.

“ಎಲ್ಲ ಸರಿ ಉಂಟಾ?” ಎಂದರು ಹೊಳ್ಳರು, ಪಕ್ಕದ ಕೋಣೆಯಿಂದ.

“ಉಂಟು ಸರ್,” ಎಂದು ವಾರಿಜಾ ಎರಡು ಎಂದು ಒತ್ತಿದಳು.