ಅಗಸಿ ಹೊರಗಿನ ರೊಟ್ಟಿ

"ಏಯ್, ಕೈ ತಗಿ! ತೊಳದ ತಟ್ಟಿ ಮುಟ್ಟಬ್ಯಾಡ ಅಂತ ಎಷ್ಟ ಸಲ ಬೊಗಳಬೇಕ? ತಲ್ಯಾಗ ಸಗಣಿ ತುಂಬೈತೇನ ನಿನ್ನ?"

ಅನ್ನಪೂರ್ಣೆವ್ವ ಕೈ ಹಿಂದಕ್ಕೆಳೆದುಕೊಂಡಳು. ತಟ್ಟೆಗಳ ಸಾಲು ವಾಲಿತ್ತು, ಬೀಳದಿರಲಿ ಅಂತ ಆನಿಸಿ ಹಿಡಿದಿದ್ದಳು, ಅಷ್ಟೇ. ಕ್ಯಾಂಟೀನಿನ ಮ್ಯಾನೇಜರ್ ಶ್ರೀಕಾಂತ ಆ ತಟ್ಟೆಗಳನ್ನು ಇನ್ನೊಮ್ಮೆ ತೊಳೆಸಿದ. ಅವಳು ಮತ್ತೆ ಕಾಲೇಜು ಹುಡುಗರ ಎಂಜಲನ್ನು ಡಬ್ಬಿಗೆ ಬಳಿಯತೊಡಗಿದಳು. ಅರ್ಧ ತಿಂದ ಕೋಳಿ, ಮುಟ್ಟದೇ ಬಿಟ್ಟ ಅನ್ನ. ಬೆಳಗಿನ ಐದಕ್ಕೆ ಕುವೈತಿನ ಫರ್ವಾನಿಯಾದಲ್ಲಿ ಕಂಪನಿ ಬಸ್ಸು ಹತ್ತಿದವಳ ಕಾಲು ಆಗಲೇ ಬಾತಿದ್ದವು.

"ಎಂತ ಆಯ್ತಕ್ಕ ಇವರಿಗೆ?" ಕೌಂಟರಿನಲ್ಲಿ ಬಡಿಸುವ ಫೆಲ್ಸಿ ಹತ್ತಿರ ಬಂದು ಪಿಸುಗುಟ್ಟಿದಳು. ಉಡುಪಿ ಕಡೆಯ ಹೆಣ್ಣು. "ಮೊನ್ನೆವರೆಗೆ ಅಕ್ಕಾ ಅಕ್ಕಾ ಅಂತ ನಿಮ್ಮ ಹಿಂದೆಯೇ ಇದ್ರಲ್ಲ ಮಾರಾಯ್ರೆ."

"ಊರ ಕೇಳಿದ, ಹೇಳಿದೆ. ಯಾವ ಓಣಿ ಅಂದ. ಅಗಸಿ ಹೊರಗ ಅಂದೆ."

"ಅಗಸಿ ಅಂದ್ರೆ ಎಂತ?"

"ಊರ ಬಾಗಲಾ."

"ಅಷ್ಟೇ ಅಲ್ವಾ? ಅಡ್ರೆಸ್ ಹೇಳಿದ್ದಕ್ಕೆ ಸಿಟ್ಟು ಯಾಕೆ?"

"ಅದು ಅಡ್ರೆಸ್ ಅಲ್ಲವ್ವ," ಅಂದಳು ಅನ್ನಪೂರ್ಣೆವ್ವ. ಬಿಡಿಸಿ ಹೇಳುವಷ್ಟು ತ್ರಾಣ ಅವಳಲ್ಲಿರಲಿಲ್ಲ.

ಮೂರು ತಿಂಗಳು ಅವಳು ಬಡಿದ ಜೋಳದ ರೊಟ್ಟಿಯನ್ನೇ ಶ್ರೀಕಾಂತ ಮಧ್ಯಾಹ್ನಕ್ಕೆ ತಿಂದಿದ್ದ. ಹಿಟ್ಟಿನ ಚೀಲವನ್ನು ತಾನೇ ಹೊತ್ತು ತಂದಿದ್ದ. "ನಮ್ಮವ್ವನ ಕೈಯಾಗಿನ ರುಚಿ ಐತಿ ಅಕ್ಕಾ" ಅಂತ ಬೆರಳು ನೆಕ್ಕಿದ್ದ. ಒಂದು ದಿನ ತಿನ್ನುತ್ತ ತಿನ್ನುತ್ತಲೇ ಓಣಿ ಕೇಳಿದ. ವಿಮಾನಕ್ಕೆ ಹಾಕುವಾಗ ಅವಳ ಗಂಟು ತೂಗಿದವರಾರೂ ಓಣಿ ಕೇಳಿರಲಿಲ್ಲ, ಇಲ್ಲಿಯ ಪೊಲೀಸರೂ ಕೇಳಿರಲಿಲ್ಲ. ಕೇಳುವವರು ಹಿಂದೆಯೇ ಉಳಿದರು ಅಂದುಕೊಂಡು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಅವನು ಉಳಿದ ಚೂರನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಮರುದಿನ ಅವಳು ಒಲೆಯ ಮುಂದಿನಿಂದ ಎಂಜಲ ಡಬ್ಬಿಗೆ ಬಂದಳು. ಅಕ್ಕ ಅನ್ನುವುದು ಹೋಗಿ ಏಯ್ ಬಂತು. ತಿಂದ ಮೂರು ತಿಂಗಳ ರೊಟ್ಟಿಯನ್ನು ಅವನು ಏನು ಮಾಡಿದನೋ, ಆ ದೇವರೇ ಬಲ್ಲ.

ಅಷ್ಟರಲ್ಲಿ ಕ್ಯಾಂಟೀನಿಗೇ ಕುತ್ತು ಬಂತು. ಹುಡುಗರು ಒಳಗೆ ತಿನ್ನುವುದನ್ನೇ ಬಿಟ್ಟಿದ್ದರು. ಗೇಟಿನ ಹೊರಗೆ ಬರ್ಗರಿನ ವ್ಯಾನು, ಶವರ್ಮಾ ಅಂಗಡಿ, ಬಿಸಿಲಲ್ಲಿ ಬೈಕಿನ ಮೇಲೆ ಬೇಯುತ್ತ ಪೊಟ್ಟಣ ತರುವ ಹುಡುಗರು. ಕಾಲೇಜಿನ ಊಟದ ಉಸ್ತುವಾರಿಯ ಮೇಡಂ ಕುವೈತಿನವರೇ, ನಗುನಗುತ್ತಲೇ ಕತ್ತು ಕೊಯ್ಯುವ ಪೈಕಿ. ಗುರುವಾರ ದೇಶದೇಶದ ಊಟ ಇಡಿ, ತಂದೆತಾಯಿಗಳನ್ನೂ ಕರೆಯಿರಿ, ಹುಡುಗರು ಬಂದರೆ ಸರಿ, ಇಲ್ಲದಿದ್ದರೆ ನಿಮ್ಮ ಕಂಪನಿಯ ಗುತ್ತಿಗೆ ಖಲಾಸ್ ಅಂದರು.

ಶ್ರೀಕಾಂತ ಜಂಬದಲ್ಲಿ ಜೋಳದ ರೊಟ್ಟಿ ಅಂತ ಹೆಸರು ಬರೆಸಿ ಕೊಟ್ಟುಬಿಟ್ಟ. ಮೊದಲು ಫೆಲ್ಸಿಗೆ ಬಡಿಯಲು ಹೇಳಿದ, ಅವಳ ಕೈಯಲ್ಲಿ ರೊಟ್ಟಿ ಹರಿದು ಚೂರಾಯಿತು. ಬುಧವಾರ ಅವನೇ ಡಬ್ಬಿಯ ತನಕ ಬಂದು, ಮೂರು ಮಾರು ದೂರ ನಿಂತ.

"ನಾಳೆ ರೊಟ್ಟಿ ಬಡಿ. ಒಳಗ, ಸ್ಟೋರಿನ ಬಾಜೂಕ, ಬಾಗಲಾ ಹಾಕ್ಕೊಂಡ. ಹೊರಗ ಮಾರಿ ತೋರಸಬ್ಯಾಡ. ನಮ್ಮ ಮಂದಿನೂ ಬರಾವ್ರ ಅದಾರ. ಸೀಮಾ ಮಾಡ್ಯಾಳ ಅಂತೀನಿ."

ಸೀಮಾ ಅವನ ಹೆಂಡತಿ.

"ನಾ ಬಡದದ್ದ ನಡೀತೈತೇನ್ರಿ?"

"ಬಾಯಿ ಬಡೀಬ್ಯಾಡ ಬೋಳಿ. ಮುಂದಿನ ತಿಂಗಳ ನಿನ್ನ ಇಕಾಮಾ ಮುಗೀತೈತಿ. ವೀಸಾ ಕೊಟ್ಟ ಕಫೀಲಗ ನಾ ಒಂದ ಮಾತ ಅಂದ್ರ ನಿನ್ನ ಗಂಟ ನೀ ಕಟ್ಟೂದ."

ಇಕಾಮಾ ಅಂದರೆ ವಾಸದ ಪರವಾನಗಿ, ಅದಿಲ್ಲದವಳು ಈ ದೇಶದಲ್ಲಿ ಇದ್ದೂ ಇಲ್ಲದವಳು. ಊರಲ್ಲಿ ಮಗಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಅನ್ನಪೂರ್ಣೆವ್ವ ಹೂಂ ಅಂದಳು.

ಗುರುವಾರ ಆ ಗೂಡಿನಲ್ಲಿ ಅವಳು ರೊಟ್ಟಿ ಬಡಿದೇ ಬಡಿದಳು. ಬೆವರು ಹಿಟ್ಟಿಗೆ ಬೀಳದಂತೆ ಆಗಾಗ ತೋಳಿನಿಂದ ಹಣೆ ಒರೆಸಿಕೊಂಡಳು. ಫೆಲ್ಸಿ ಬಂದು ಬುಟ್ಟಿ ತುಂಬಿಕೊಂಡು ಓಡುವಳು, ಖಾಲಿ ಬುಟ್ಟಿಯೊಂದಿಗೆ ಮರಳುವಳು.

"ಹುಡುಗರು ಲೈನ್ ನಿಂತಿದ್ದಾರಕ್ಕ! ಮೇಡಂ ಎರಡು ತಿಂದ್ರು. ಯಾರು ಮಾಡಿದ್ದು ಅಂತ ಕೇಳಿದ್ರೆ ಇವರು ಹೆಂಡ್ತಿಯನ್ನು ತೋರಿಸ್ತಾರೆ. ಆ ಹೆಂಗಸು ಸೆರಗು ಸರಿ ಮಾಡಿಕೊಂಡು ಥ್ಯಾಂಕ್ಯೂ ಹೇಳ್ತಾ ಉಂಟು. ಎಂಥಾ ಸುಳ್ಳು ದೇವರೇ!"

ಅನ್ನಪೂರ್ಣೆವ್ವನ ಕೈ ನಿಂತಿತು. ಬೈಗುಳ ಅವಳಿಗೆ ಹೊಸದಲ್ಲ, ದೂರ ನಿಲ್ಲಿಸುವುದೂ ಹೊಸದಲ್ಲ. ಆದರೆ ಇವು ಅವಳ ಕೈ. ಅವ್ವ ಹೊಡೆದು ಹೊಡೆದು ಕಲಿಸಿದ ಕೈ. ಅದನ್ನೂ ಕಸಿದುಕೊಂಡರೆ ತನ್ನದು ಅಂತ ಉಳಿಯುವುದೇನು? ಸಿಟ್ಟು ಬಂತು, ಅದೂ ದಣಿದ ಸಿಟ್ಟೇ. ಹಂಚಿನ ಮೇಲಿದ್ದ ರೊಟ್ಟಿಯನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ಬಾಗಿಲು ತೆರೆದಳು.

"ಅಕ್ಕಾ, ಬೇಡ," ಅಂದಳು ಫೆಲ್ಸಿ.

ಊಟದ ಹಾಲ್ ಗಿಜಿಗುಡುತ್ತಿತ್ತು. ಅನ್ನಪೂರ್ಣೆವ್ವ ನೇರ ಮೇಡಂ ಮುಂದೆ ಹೋಗಿ ರೊಟ್ಟಿ ಹಿಡಿದಳು.

"ರೊಟ್ಟಿ ಬಡದಾಕಿ ನಾನ್ರಿ. ಆ ಸೀಮಾ ಬಾಯಾರಲ್ಲ."

ಪಕ್ಕದಲ್ಲಿ ತಿನ್ನುತ್ತಿದ್ದ ಶ್ರಾವಣಿ ಅನ್ನುವ ವಿದ್ಯಾರ್ಥಿನಿ ಅದನ್ನು ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದಳು. ಸೀಮಾ ನೆಲ ನೋಡಿದಳು. ಶ್ರೀಕಾಂತ ಹಲ್ಲು ಕಚ್ಚಿ, "ಒಳಗ ನಡಿ," ಅಂದ.

ಶ್ರಾವಣಿಯ ಅಪ್ಪ ಭರಮಣ್ಣ, ಎಣ್ಣೆ ಕಂಪನಿಯ ಇಂಜಿನಿಯರು, ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಕೇಳಿದ: "ಭಾಳ ಛಲೋ ಆಗೈತಿ ಬಿಡವಾ. ಯಾವೂರ ನಿಮ್ದು? ಯಾವ ಓಣಿ?"

ಈ ಸಲ ಅವಳು ತಿಳಿದೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

"ಸಿಂದಗಿ ಕಡೇದಾಕ್ರಿ. ಅಗಸಿ ಹೊರಗ ನಮ್ಮನಿ."

ಭರಮಣ್ಣನ ದವಡೆ ನಿಂತಿತು. ಅವನ ಮಗಳಿಗೆ ಏನೂ ತಿಳಿಯಲಿಲ್ಲ.

"ಔಟ್‌ಸೈಡ್ ದ ಗೇಟ್," ಅಂತ ಅವಳು ಮೇಡಂಗೆ ಹೇಳಿದಳು.

ಮೇಡಂ ಜೋರಾಗಿ ನಕ್ಕರು. ನಮ್ಮ ಹುಡುಗರಿಗೆ ಗೇಟಿನ ಹೊರಗಿನ ಊಟವೇ ರುಚಿ ನೋಡಿ, ಅಂದರು. ಅನ್ನಪೂರ್ಣೆವ್ವನ ಅಂಗೈಯಿಂದಲೇ ರೊಟ್ಟಿ ತೆಗೆದುಕೊಂಡು ಎರಡು ಮಾಡಿ, ಒಂದನ್ನು ಕಚ್ಚಿ, ಇನ್ನೊಂದನ್ನು ಶ್ರೀಕಾಂತನ ಮುಂದೆ ಹಿಡಿದರು.

"ಯಲ್ಲಾ, ಕಮಾನ್, ಶ್ರೀಕಾಂತ್. ಈಟ್."

ಅವನು ತೆಗೆದುಕೊಂಡ. ತೆಗೆದುಕೊಳ್ಳದೆ ಉಪಾಯವಿರಲಿಲ್ಲ. ಆ ಕಡೆ ಮೇಡಂ, ಈ ಕಡೆ ಅವನ ಮಂದಿ. ಎಲ್ಲರ ಕಣ್ಣೂ ಅವನ ಬಾಯಿಯ ಮೇಲೆ. ಇಕಾಮಾ ಹೋಯಿತು ಅಂತ ಅನ್ನಪೂರ್ಣೆವ್ವನಿಗೆ ಗೊತ್ತಿತ್ತು. ಮಗಳಿಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಹಿಟ್ಟಿನ ಕೈಯನ್ನು ಸೊಂಟಕ್ಕೆ ಒರೆಸಿಕೊಂಡು ಅಲ್ಲೇ ನಿಂತಳು.

"ತಿನ್ರಿ ಸಾಹೇಬ್ರ," ಅಂದಳು. "ಆರಿದ್ರ ಬಿರಸ ಆಗ್ತೈತಿ."