ಕರೆಯದೆ ಬಿಟ್ಟ ಹೆಸರು

ಪ್ರಾಯಕ್ಕೆ ಬಂದ ಹುಡುಗಿಯರಿಗೆ ವರ್ಷಕ್ಕೊಮ್ಮೆ ಬಿಳಿ ಗೌನು ತೊಡಿಸಿ ಸಮಾಜಕ್ಕೆ ಪರಿಚಯಿಸುವ ನಮ್ಮ ಡೇಲಿಯಾ ಸಂಘಕ್ಕೆ ಡಾಕ್ಟರ್ ಇವೆಟ್ ಅಧ್ಯಕ್ಷೆಯಾಗಿ ಬಂದದ್ದೇ ಬಂದದ್ದು, ಹಳೆಯ ಮಾತುಗಳಿಗೆಲ್ಲ ಮಂಗಳ ಹಾಡಿದ್ದಾಯಿತು. ಹುಡುಗಿಯರನ್ನು ಇನ್ನು ಡೆಬ್ಯುಟಾಂಟ್ ಎನ್ನಬಾರದಂತೆ, ‘ಉದಯಿಸುವ ನಾಯಕಿ’ ಎನ್ನಬೇಕಂತೆ. ಅವರನ್ನು ನಾವು ಸಮಾಜದ ಮುಂದೆ ತಂದು ನಿಲ್ಲಿಸುವುದಲ್ಲ, ಅವರೇ ಬಂದು ನಿಲ್ಲುವುದಂತೆ. ಅಪ್ಪನೇ ಕೈಹಿಡಿದು ವೇದಿಕೆಗೆ ಕರೆತರಬೇಕೆಂಬ ಕಟ್ಟಳೆಯೂ ಹೋಯಿತು. ಅರ್ಜಿಯಲ್ಲಿ ‘ನಡತೆ’ ಎಂದಿದ್ದ ಕಡೆ ಈಗ ‘ನಿನ್ನ ಕಥೆ’ ಎಂದಿದೆ. ಕೇಳುವುದು ಅದನ್ನೇ, ಸಕ್ಕರೆ ಸವರಿ ಕೇಳುತ್ತಾರೆ ಅಷ್ಟೆ.

ಮಾಂಟ್‌ಗೊಮರಿಯ ನಮ್ಮ ಕಪ್ಪು ಜನ ಮೂರು ತಲೆಮಾರಿನಿಂದ ಈ ಒಂದು ಬಿಳಿ ಗೌನಿನ ಸಂಜೆಗಾಗಿ ಹೊಟ್ಟೆಬಟ್ಟೆ ಕಟ್ಟಿದ್ದಾರೆ. ಇಪ್ಪತ್ತೆರಡು ವರ್ಷಗಳಿಂದ ಮೈಕಿನ ಮುಂದೆ ನಿಂತು ಹುಡುಗಿಯರ ಹೆಸರು ಕರೆಯುವವಳು ನಾನು, ಯೂಲಾ ಕ್ರೆನ್ಶಾ. ಹಣೆ ಲಂಗಕ್ಕೆ ತಾಗುವಷ್ಟು ಬಾಗಿ ವಂದಿಸುವುದನ್ನು ಅವರಿಗೆ ಕಲಿಸುವವಳೂ ನಾನೇ. ಇಂಥ ನನ್ನನ್ನು ಒಂದು ಮಾತು ಕೇಳದೆ ಎಲ್ಲವನ್ನೂ ಬದಲಾಯಿಸಿದರೆ ಅನುಮಾನ ಬರದೆ ಇನ್ನೇನು ಬರುತ್ತದೆ?

ಈ ವರ್ಷ ನನ್ನ ಮೊಮ್ಮಗಳು ಜೊಸೆಟ್‌ಳ ಸರದಿ. ಅವಳೂ ಇವೆಟ್ಟೂ ಮೂಲೆಯಲ್ಲಿ ನಿಂತು ಗುಸುಗುಸು ಮಾಡುವುದು, ನಾನು ಹೋದೊಡನೆ ಬಾಯಿಗೆ ಬೀಗ ಹಾಕಿಕೊಳ್ಳುವುದು. ನಿನ್ನನ್ನು ಕರೆತರುವವರು ಯಾರೆಂದು ಕೇಳಿದರೆ, ಆ ದಿನ ನೋಡ್ತೀಯಲ್ಲ ಅಜ್ಜಿ ಎಂದು ನಕ್ಕಳು. ಅವಳು ಹುಟ್ಟುವ ಮೊದಲೇ ಕಾಲ್ಕಿತ್ತ ಅವಳಪ್ಪ ಡ್ಯಾರಿಲ್ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದಿತ್ತು. ಆ ಪುಣ್ಯಾತ್ಮ ಬಾಡಿಗೆ ಸೂಟು ಹಾಕಿಕೊಂಡು ನನ್ನ ವೇದಿಕೆ ಹತ್ತುವುದೆಂದರೇನು!

ಹುಡುಗಿಯರು ತಮ್ಮ ವಿಷಯ ತಾವೇ ಬರೆದು ಅಂಟಿಸಿ ಕೊಡುವ ಲಕೋಟೆಗಳು ನನ್ನ ಬಳಿಯೇ ಇರುತ್ತವೆ. ವೇದಿಕೆಯ ಮೇಲಲ್ಲದೆ ಅವನ್ನು ಒಡೆಯುವಂತಿಲ್ಲ. ನಾನು ಜೊಸೆಟ್‌ಳದ್ದನ್ನು ನಾಲ್ಕು ದಿನ ಮೊದಲೇ ಸೊಪ್ಪು ಬೇಯುತ್ತಿದ್ದ ಪಾತ್ರೆಯ ಹಬೆಗೆ ಹಿಡಿದು ಬಿಡಿಸಿದೆ. ಡ್ಯಾರಿಲ್‌ನ ಸುಳಿವೇ ಇರಲಿಲ್ಲ. ‘ನನ್ನನ್ನು ಕರೆತರುವವರು ನನ್ನ ತಾಯಿ ರೋಸಲಿಂಡ್. ಹದಿನೆಂಟು ವರ್ಷದ ಹಿಂದೆ ಇದೇ ವೇದಿಕೆಯಲ್ಲಿ ಅವಳ ಹೆಸರು ಕರೆಯಬೇಕಿತ್ತು. ಆಗ ನಾನು ಅವಳ ಹೊಟ್ಟೆಯಲ್ಲಿದ್ದೆ’ ಎಂದಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಆ ವರ್ಷ ರೋಸಲಿಂಡ್‌ಳ ಗೌನು ಹೊಲಿಸಿಯಾಗಿತ್ತು. ಬಸುರಿ ಎಂದು ತಿಳಿದ ಮೇಲೆ ಅವಳ ಹೆಸರು ಹೊಡೆದು ಹಾಕಲು ಸಮಿತಿ ಕೂತಿತು. ಸ್ವಂತ ಮಗಳ ಪರ ವಹಿಸಿದಳು ಎಂದಾರೆಂಬ ಹೆದರಿಕೆಗೆ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು.

ಇವೆಟ್ ಹುಡುಗಿಯ ತಲೆ ಕೆಡಿಸಿ ನನ್ನ ಮಾನ ಕಳೆಯಲು ಹೊರಟಿದ್ದಾಳೆಂದು ಬುಸುಗುಟ್ಟುತ್ತಾ ರೋಸಲಿಂಡ್‌ಳ ಸಲೂನಿಗೆ ಹೋದೆ. ಅವಳು ಬಾಚಣಿಗೆ ತೊಳೆಯುತ್ತಿದ್ದಳು. ನಾನು ಹೇಳಿದ್ದೆಲ್ಲ ಕೇಳಿ, ಲಕೋಟೆ ಒಡೆದೆಯಾ ಎಂದಷ್ಟೇ ಕೇಳಿದಳು. ಹೌದೆಂದು ತಲೆಯಾಡಿಸಿದೆ.

“ನಿನ್ ಬುದ್ಧಿ ನೀನು ಬಿಡಲ್ಲ ಬಿಡು. ಇವೆಟ್‌ದೇನೂ ಇಲ್ಲ ಇದ್ರಲ್ಲಿ, ಬರೆದಿದ್ದು ಜೊಸೆಟ್ಟೇ. ನಾನು ಬರಲ್ಲ ಅಂದಿದೀನಿ. ಬೇರೆ ಬರ್ಕೊಡ್ತಾಳೆ, ಒಬ್ಳೇ ಬರ್ತಾಳೆ.”

“ಯಾಕೆ ಬರಲ್ಲ?”

“ಮೈಕ್ ಮುಂದೆ ನೀನಿರ್ತೀಯಲ್ಲಮ್ಮ. ನನ್ ಹೆಸರು ಹೊಡೆದು ಹಾಕ್ದೋಳ ಬಾಯಲ್ಲೇ ಅದನ್ನ ಕೇಳೋ ಶಕ್ತಿ ನನಗಿಲ್ಲ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ನಲ್ಲಿ ನಿಲ್ಲಿಸಿ ಬಾಚಣಿಗೆ ಒರೆಸತೊಡಗಿದಳು. ನಾನು ಎದ್ದು ಬಂದೆ.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಹನ್ನೊಂದು ಹುಡುಗಿಯರು ಅಪ್ಪನ, ಅಣ್ಣನ, ಒಬ್ಬಳಂತೂ ತನ್ನ ಬ್ಯಾಸ್ಕೆಟ್‌ಬಾಲ್ ಗುರುವಿನ ಕೈಹಿಡಿದು ಬಂದು ಬಾಗಿ ಹೋದರು. ಹನ್ನೆರಡನೆಯ ಲಕೋಟೆ ಬಿಡಿಸಿದೆ. ‘ಜೊಸೆಟ್ ಕ್ರೆನ್ಶಾ. ಒಬ್ಬಳೇ ಬರುತ್ತಾಳೆ’ ಎಂದಷ್ಟೇ ಇತ್ತು. ಪರದೆಯ ಬಳಿ ಮಗು ಬಿಳಿ ಕೈಗವಸು ಎಳೆದುಕೊಳ್ಳುತ್ತಾ ನಿಂತಿತ್ತು. ರೋಸಲಿಂಡ್ ಕೊನೆಯ ಸಾಲಿನಲ್ಲಿ ಕೋಟು ಕೂಡ ಬಿಚ್ಚದೆ ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ.

“ಇವಳ ತಾಯಿ ಹೆಸರು ಇದೇ ಮೈಕಲ್ಲಿ ಕರೀಬೇಕಿತ್ತು. ಬೇಡ ಅಂತ ಮೊದ್ಲು ಕೈ ಎತ್ತಿದ್ದು ನಾನು. ಅವಳು ಮೇಲೆ ಬರೋವರೆಗೂ ನಾನು ಮುಂದಕ್ಕೆ ಓದಲ್ಲ” ಎಂದೆ.

ಮೂರುನೂರು ಜನ ತಿರುಗಿ ನೋಡಿದರು. ರೋಸಲಿಂಡ್ ಬಹಳ ಹೊತ್ತು ಏಳಲಿಲ್ಲ. ಮಗಳು ಪರದೆಯ ಬಳಿ ಅಳತೊಡಗಿದ ಮೇಲೆ ಎದ್ದು, ನಡುಹಾದಿಯಲ್ಲಿ ನಡೆದು ಮೆಟ್ಟಿಲು ಹತ್ತಿದಳು. ನೇರವಾಗಿ ನನ್ನ ಬಳಿ ಬಂದು ಮೈಕನ್ನು ಅಂಗೈಯಿಂದ ಮುಚ್ಚಿದಳು.

“ಇದು ನನಗೋಸ್ಕರಾನಾ? ಇಲ್ಲ ಇಷ್ಟು ಜನರ ಮುಂದೆ ನೀನು ದೊಡ್ಡವಳಾಗೋಕಾ?”

ಹೆತ್ತ ತಾಯಿಯನ್ನೇ ಹೀಗೆ ಶಂಕಿಸುತ್ತಾಳಲ್ಲ ಎಂದು ಸಿಟ್ಟು ನೆತ್ತಿಗೇರಿತು. ನಿನಗೋಸ್ಕರ ಎನ್ನಲು ಬಾಯಿ ತೆರೆದೆ. ಆ ಮಾತು ನಿಜವೋ ಸುಳ್ಳೋ ನನಗೇ ತಿಳಿಯಲಿಲ್ಲ.

“ಗೊತ್ತಿಲ್ಲ ಕಣೇ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಂಗೈ ತೆಗೆದು, ಕರಿ, ಹೆಸರು ಪೂರ್ತಿ ಕರಿ ಎಂದಳು.

ರೋಸಲಿಂಡ್ ಅಗಸ್ಟಾ ಕ್ರೆನ್ಶಾ ಎಂದು ಕರೆದೆ. ತಾಯಿ ಮಗಳು ಕೈಹಿಡಿದು ವೇದಿಕೆಯ ನಡುವಿಗೆ ಹೋಗಿ ಜನರಿಗೆ ಬಾಗಿದರು. ಜೊಸೆಟ್ ಆಮೇಲೆ ನನ್ನ ಕಡೆಗೂ ತಿರುಗಿ ಬಾಗಿದಳು. ರೋಸಲಿಂಡ್ ತಿರುಗಲಿಲ್ಲ.