ಆವಿಗೆ ಕರುಬಿದ ಒಲೆ ಮೇಸ್ತ್ರಿ

ಮೂಗಿನಿಂದ ಉಷ್ಣಾಂಶ ಅಳೆಯುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ನಮ್ಮ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಬೆಸೆಯುವ ಉದ್ದನೆಯ ಬಿಸಿಗಾಳಿಯ ಒಲೆಯೊಂದಿತ್ತು. ಬೆಸುಗೆಯ ಪೇಸ್ಟು ಬಳಿದು, ಅದರ ಮೇಲೆ ಎಳ್ಳಿನಷ್ಟು ಸಣ್ಣವೂ ಬೆಂಕಿಪೊಟ್ಟಣದಷ್ಟು ದೊಡ್ಡವೂ ಆದ ಬಿಡಿಭಾಗಗಳನ್ನು ಕೂರಿಸಿದ ಹಸಿರು ಬೋರ್ಡುಗಳು ಅದರ ಒಂದು ಬಾಯಿಂದ ಒಳಹೊಕ್ಕು, ಮನೆಗಳೆಂದು ನಾವು ಕರೆಯುತ್ತಿದ್ದ ಏಳು ಖಾನೆಗಳ ಬೇರೆ ಬೇರೆ ಕಾವನ್ನು ದಾಟಿ, ಇನ್ನೊಂದು ಬಾಯಿಂದ ಬೆಸೆದುಕೊಂಡು ಹೊರಬರುತ್ತಿದ್ದವು. ಪ್ರತಿ ಮನೆಗೂ ಒಂದೊಂದು ಮಾಪಕವಿತ್ತು. ಒಲೆ ಮೇಸ್ತ್ರಿ ಅವುಗಳತ್ತ ನೋಡುತ್ತಿದ್ದುದು ತಮ್ಮ ಮೂಗು ಹೇಳಿದ್ದನ್ನು ಅವೂ ಒಪ್ಪುತ್ತವೆಯೇ ಎಂದು ಪರೀಕ್ಷಿಸುವುದಕ್ಕೆ ಮಾತ್ರ. ಪೇಸ್ಟಿನೊಳಗಿನ ರಾಳ ಕರಗುವಾಗ ಒಂದು ವಾಸನೆ, ಕುದಿಯುವಾಗ ಇನ್ನೊಂದು, ಸೀಯುವುದಕ್ಕೆ ಮುನ್ನ ಮತ್ತೊಂದು. ಹತ್ತು ಮಾರು ದೂರದಲ್ಲಿ ಚಹಾ ಕುಡಿಯುತ್ತ ನಿಂತವರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, ನಾಲ್ಕನೇ ಮನೆ ಜಾಸ್ತಿಯಾಯಿತು ಎನ್ನುತ್ತಿದ್ದರು. ಹೋಗಿ ನೋಡಿದರೆ ಮೂರು ಡಿಗ್ರಿ ಹೆಚ್ಚಿರುತ್ತಿತ್ತು.

ಕೃಶ ಶರೀರ, ಎಡಕ್ಕೆ ತುಸು ವಾಲಿದ ನಡಿಗೆ. ಇಪ್ಪತ್ತಾರು ವರ್ಷ ಒಲೆಯ ಬದಿಯಲ್ಲೇ ಓಡಾಡಿದ್ದರಿಂದ ಬಯಲಿನಲ್ಲಿ ನಡೆಯುವಾಗಲೂ ಪಕ್ಕದಲ್ಲೊಂದು ಬಿಸಿಯಾದ ವಸ್ತುವಿದೆಯೆಂಬಂತೆ ಒಂದು ತೋಳನ್ನು ಮೈಗೆ ಒತ್ತಿಕೊಂಡೇ ನಡೆಯುತ್ತಿದ್ದರು. ಮೊಣಕಾಲು ಮುಟ್ಟುವ ಕಂದು ಬಣ್ಣದ ಕೋಟು, ಅದರ ತೋಳುಗಳ ಮೇಲೆ ಬೆಸುಗೆಯ ಬೆಳ್ಳಿ ಚುಕ್ಕಿಗಳು. ಕಾರ್ಖಾನೆಯವರು ಎರಡು ಸಲ ಹೊಸ ಕೋಟು ಕೊಟ್ಟರು. ಎರಡೂ ಅವರ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಮಲಗಿದ್ದವು. ಮಾತು ಕಡಿಮೆ. ಯಾರಾದರೂ ಇನ್ಯಾರನ್ನಾದರೂ ಹೊಗಳಿದರೆ ಮಾತ್ರ ತಪ್ಪದೆ ಒಂದು ಶಬ್ದ ಉದುರುತ್ತಿತ್ತು: "ಇರಬಹುದು." ಆ ಒಂದು ಶಬ್ದದಲ್ಲಿ ಒಪ್ಪಿಗೆಗಿಂತ ಅನುಮಾನ ಹೆಚ್ಚು, ಅನುಮಾನಕ್ಕಿಂತ ಸಂಕಟ ಹೆಚ್ಚು.

ಏಕೆಂದರೆ ಒಲೆ ಮೇಸ್ತ್ರಿಯವರಿಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮರೆಮಾಚಿ ಅವರ ಚಿತ್ರ ಬರೆಯಲಾಗದು. ಸಹೋದ್ಯೋಗಿಗಳು ಮನೆ ಕಟ್ಟಿಸಿದರೂ, ಮಕ್ಕಳನ್ನು ದೊಡ್ಡ ಓದಿಗೆ ಕಳಿಸಿದರೂ, ಬಡ್ತಿ ಪಡೆದರೂ ಅವರ ಕಣ್ಣು ಅತ್ತ ಹೊರಳುತ್ತಿರಲಿಲ್ಲ. ಆದರೆ ಪರರ ಕೈಯ ಒಂದು ಒಳ್ಳೆಯ ಬೆಸುಗೆ ಕಂಡರೆ ಸಾಕು, ಮುಖ ಕಪ್ಪಿಡುತ್ತಿತ್ತು. ತಪಾಸಣೆಯ ಮೇಜಿನಲ್ಲಿ ಭೂತಗನ್ನಡಿಯ ಹಿಂದೆ ಕೂರುವ ಕೆಲಸ ನನ್ನದು. ಹೊರಗಿನಿಂದ ಬಂದ ಚೆಂದದ ಬೋರ್ಡೊಂದು ನನ್ನ ಮುಂದಿದ್ದರೆ ಅವರು ಹೇಗೋ ಸುಳಿವು ಹಿಡಿದು ಬಂದು, ನನ್ನನ್ನು ಎಬ್ಬಿಸಿ, ತಾವು ಕೂತು, ಕಣ್ಣಲ್ಲಿ ನೀರು ಬರುವ ತನಕ ನೋಡುತ್ತಿದ್ದರು. ಒಮ್ಮೆ ಬೇರೊಂದು ಕಾರ್ಖಾನೆಯ ಮಾದರಿ ಬೋರ್ಡನ್ನು ಮನೆಗೆ ಒಯ್ದು ವಾರವಾದರೂ ಹಿಂದೆ ತರಲಿಲ್ಲ. ಕೇಳಲು ಹೋದ ನನ್ನನ್ನು ಅವರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ದಿಂಬಿನಡಿಯಿಂದ ಅದನ್ನು ತೆಗೆದುಕೊಟ್ಟರು. "ಬೇರೆ ಹೆಂಗಸಿನ ಚಿಂತೆ ಇದ್ದಿದ್ರೆ ಜಗಳನಾದ್ರೂ ಆಡ್ತಿದ್ದೆ," ಎಂದರು, "ಯಾರದೋ ಬೆಸುಗೆ ಜೊತೆ ಹೇಗೆ ಜಗಳ ಆಡ್ಲಿ ಹೇಳಿ?"

ಮೇಸ್ತ್ರಿಯವರಿಗೆ ತಮಗಿಂತ ಹನ್ನೆರಡು ವರ್ಷ ಚಿಕ್ಕವಳಾದ ಒಬ್ಬ ತಂಗಿ. ಶಾಲೆಗೆ ಹೋಗುತ್ತಿದ್ದಾಗಲೇ ಅವಳ ಕೈಗೆ ಸೋಲ್ಡರಿಂಗ್ ಐರನ್ ಕೊಟ್ಟು, ಊಟದ ಮೇಜಿನ ಮೇಲೆ ಹಳೆಯ ರೇಡಿಯೊಗಳನ್ನು ಬಿಚ್ಚಿ ಹರಡಿ, ಮೊಣಕೈ ಮೇಜಿಗೆ ಊರಿ ಉಸಿರು ಹಿಡಿದು ಮುಟ್ಟಬೇಕೆಂದು ಕಲಿಸಿದವರು ಇವರೇ. ತಂಗಿ ಅಣ್ಣನನ್ನು ಮೀರಿದ ದಿನ ಯಾವುದೆಂದು ಇಬ್ಬರಿಗೂ ನೆನಪಿತ್ತು. ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಮುಂದೆ ಅವಳು ಡಿಪ್ಲೊಮಾ ಓದಿ ಬೇರೊಂದು ಕಡೆ ಕೆಲಸಕ್ಕೆ ಸೇರಿ, ಮೇಸ್ತ್ರಿಯವರು ಮೂಸಿ ಕೂಡ ನೋಡದಿದ್ದ ವಿದ್ಯೆಯೊಂದನ್ನು ಕಲಿತಳು. ಗಾಳಿಯ ಬದಲು ಆವಿಯಲ್ಲಿ ಬೆಸೆಯುವ ವಿದ್ಯೆ.

ಆ ವಿದ್ಯೆ ನಮ್ಮಲ್ಲಿಗೆ ಬಂದದ್ದು ಒಂದು ಸೋಲಿನ ಬೆನ್ನಿಗೆ. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಆಸ್ಪತ್ರೆಯ ಪೆಟ್ಟಿಗೆಗಳಿಗೆ ಬೋರ್ಡು ಮಾಡಿಕೊಡುವ ಕೆಲಸವನ್ನು ಯಜಮಾನರು ಒಪ್ಪಿಕೊಂಡಿದ್ದರು. ಬೋರ್ಡಿನ ಹೊಟ್ಟೆಯಲ್ಲಿ ದಪ್ಪ ತಾಮ್ರ; ಮೇಲೆ ಗುಂಡುಕಲ್ಲಿನಂಥ ಭಾರದ ಸುರುಳಿಗಳು, ಅವುಗಳ ಪಕ್ಕದಲ್ಲೇ ಎಳ್ಳಿನಂಥ ಚೂರುಗಳು. ದೊಡ್ಡವು ಕಾಯುವಷ್ಟು ಬಿಸಿಗಾಳಿ ಊದಿದರೆ ಸಣ್ಣವು ಸೀಯುತ್ತಿದ್ದವು. ಸಣ್ಣವನ್ನು ಉಳಿಸಿದರೆ ದೊಡ್ಡವುಗಳ ಅಡಿಯಲ್ಲಿ ಬೆಸುಗೆ ಕರಗದೆ ಮರಳಿನಂತೆ ಉಳಿಯುತ್ತಿತ್ತು. ಮೇಸ್ತ್ರಿಯವರು ಒಂದು ತಿಂಗಳು ಒಲೆಯ ಏಳು ಮನೆಗಳನ್ನೂ ಏರಿಸಿ ಇಳಿಸಿ ಹೆಣಗಿದರು. ನೂರಕ್ಕೆ ನಲವತ್ತು ಬೋರ್ಡುಗಳಿಗೆ ನಾನೇ ಕೆಂಪು ಚೀಟಿ ಅಂಟಿಸಿದೆ. ಯಜಮಾನರು ಅವರನ್ನು ಬೈಯಲಿಲ್ಲ. ಆವಿಯ ಯಂತ್ರ ತರಿಸಿ, ಅದರೊಡನೆ ಅವರ ತಂಗಿಯನ್ನೇ ಕರೆಸಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎದೆಯೆತ್ತರದ ಉಕ್ಕಿನ ಪೆಟ್ಟಿಗೆ, ಮುಂದೆ ಅಂಗೈಯಗಲದ ಗಾಜಿನ ಕಿಂಡಿ. ತಳದಲ್ಲಿ ನೀರಿಗಿಂತ ಭಾರವಾದ, ಬಣ್ಣವಿಲ್ಲದ ಒಂದು ದ್ರವ. ಅದು ಕುದಿಯುವುದು ಇನ್ನೂರ ಮೂವತ್ತು ಡಿಗ್ರಿಗೆ. ಕುದಿದು ಎದ್ದ ಆವಿ ಹಾರಿಹೋಗದೆ ಅಲ್ಲೇ ದಟ್ಟವಾಗಿ ಮಲಗಿರುತ್ತದೆ. ತಣ್ಣನೆಯ ಬೋರ್ಡನ್ನು ಅದರೊಳಗೆ ಇಳಿಸಿದರೆ ಆವಿ ಅದರ ಮೈಮೇಲೆ ಹನಿಯಾಗಿ ಕೂತು ತನ್ನ ಕಾವನ್ನೆಲ್ಲ ಒಪ್ಪಿಸಿಬಿಡುತ್ತದೆ. ಎಲ್ಲಿ ತಂಪು ಹೆಚ್ಚೋ ಅಲ್ಲಿ ಹೆಚ್ಚು ಕೂರುತ್ತದೆ. ದೊಡ್ಡದು ಸಣ್ಣದು ಎಲ್ಲ ಒಂದೇ ಕಾವಿಗೆ ಬಂದಮೇಲೆ ಕೊಡುವುದನ್ನು ತಾನಾಗಿ ನಿಲ್ಲಿಸುತ್ತದೆ. ಗಾಳಿಯ ಸುಳಿವಿಲ್ಲದ್ದರಿಂದ ಲೋಹ ಕಪ್ಪಾಗುವುದಿಲ್ಲ. ಇದನ್ನೆಲ್ಲ ತಂಗಿ ಮೊದಲ ದಿನ ನಮಗೆ ವಿವರಿಸಿ, ಕೊನೆಯಲ್ಲಿ ಅಣ್ಣನ ಕಡೆ ತಿರುಗಿ ಹುರುಪಿನಿಂದ, "ಇದರಲ್ಲಿ ಅತಿ ಆಗೋಕೆ ಸಾಧ್ಯಾನೇ ಇಲ್ಲ ಅಣ್ಣ. ಇನ್ನೂರ ಮೂವತ್ತರ ಮೇಲೆ ಹೋಗೋದೇ ಇಲ್ಲ," ಎಂದಳು. ಅತಿಯಾಗದಂತೆ ಕಾಯುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದ ಮನುಷ್ಯ ಪೆಟ್ಟಿಗೆಯ ಬಳಿ ಬಗ್ಗಿ ದೀರ್ಘವಾಗಿ ಉಸಿರೆಳೆದುಕೊಂಡರು. ಏನೂ ಇಲ್ಲ. ಆ ಆವಿಗೆ ವಾಸನೆಯೇ ಇರಲಿಲ್ಲ. "ಇರಬಹುದು," ಎಂದು ಹೇಳಿ ತಮ್ಮ ಒಲೆಯ ಕಡೆಗೆ ನಡೆದರು.

ಅಂದಿನಿಂದ ನೀರು ಕುಡಿಯಬೇಕಾದರೂ ಅವರು ಆ ಯಂತ್ರದ ಮುಂದೆ ಹಾಯದೆ ಉಗ್ರಾಣವನ್ನು ಸುತ್ತಿ ಹೋಗುತ್ತಿದ್ದರು. ಆದರೆ ಬೆಳಿಗ್ಗೆ ಉಳಿದವರು ಬರುವ ಮುನ್ನ ಆ ಕಿಂಡಿಯಲ್ಲಿ ಕಣ್ಣಿಟ್ಟು ನಿಂತಿರುವುದನ್ನು ಕಾವಲುಗಾರ ಕಂಡಿದ್ದ. ಒಂದು ದಿನ ಬೇಗ ಬಂದಿದ್ದ ತಂಗಿ ಸದ್ದಿಲ್ಲದೆ ಒಂದು ಬೋರ್ಡು ಇಳಿಸಿದಳಂತೆ. ಬೋರ್ಡಿನ ಮೈ ಒದ್ದೆಯಾಯಿತು, ಮಿನುಗಿತು. ಮಂಕು ಬೂದಿಯಂತಿದ್ದ ಪೇಸ್ಟು ಗುಂಡುಕಲ್ಲಿನಂಥ ಸುರುಳಿಯ ಕಾಲಲ್ಲೂ ಎಳ್ಳಿನ ಕಾಲಲ್ಲೂ ಒಂದೇ ಉಸಿರಿಗೆ ಬೆಳ್ಳಿಯಾಯಿತು. ಅದನ್ನು ನೋಡಿದ ಆ ಗಳಿಗೆಯ ಬಗ್ಗೆ ಬಹುಕಾಲದ ಮೇಲೆ ಮೇಸ್ತ್ರಿಯವರೇ ನನಗೆ ಹೇಳಿದ್ದುಂಟು: ಕರುಳಿಗೆ ಯಾರೋ ಕಾದ ಕಡ್ಡಿ ಮುಟ್ಟಿಸಿದ ಹಾಗಾಯಿತು, ಆದರೂ ಕಣ್ಣು ತೆಗೆಯಲಾಗಲಿಲ್ಲ.

ಮೂರನೆಯ ವಾರದ ಸೋಮವಾರ ವಿಘ್ನ ಕಾಣಿಸಿತು. ಆವಿಯಿಂದ ಹೊರಬಂದ ಹೊಸ ಬೋರ್ಡುಗಳಲ್ಲಿ ಎಳ್ಳಿನಂಥ ಚೂರುಗಳು ಒಂದು ತುದಿಯನ್ನು ಬಿಟ್ಟು ಇನ್ನೊಂದು ತುದಿಯ ಮೇಲೆ ನೆಟ್ಟಗೆ ಎದ್ದು ನಿಂತಿದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಬೋರ್ಡಿನ ತುಂಬ ಸಾಲು ಸಾಲು ಸಣ್ಣ ಗೂಟಗಳು. ತಂಗಿ ಪೇಸ್ಟು ಬದಲಿಸಿದಳು, ಭಾಗಗಳನ್ನು ಕೂರಿಸುವ ಯಂತ್ರವನ್ನು ತಿದ್ದಿಸಿದಳು, ದ್ರವವನ್ನು ಸೋಸಿದಳು. ಗೂಟಗಳು ಏಳುತ್ತಲೇ ಇದ್ದವು. ಮೇಸ್ತ್ರಿಯವರು ನನ್ನ ಮೇಜಿಗೆ ಬಂದು ಅರ್ಧ ನಿಮಿಷ ನೋಡಿ ಎದ್ದುಹೋದರು. ಅಂದು ಅವರು ತಮ್ಮ ಒಲೆಯ ಬಳಿ ಗುನುಗುತ್ತಿದ್ದರು. ಮನೆಯಲ್ಲಿ ಎರಡನೆಯ ಸಲ ಬಡಿಸಿಕೊಂಡು ಉಂಡರೆಂದೂ, ಏನು ಸಮಾಚಾರವೆಂದು ಕೇಳಿದರೆ ನಕ್ಕರೆಂದೂ ಅವರ ಹೆಂಡತಿ ಆಮೇಲೆ ಹೇಳಿದರು.

ಬುಧವಾರ ಯಜಮಾನರು ಒಲೆಯ ಬಳಿಗೇ ಬಂದು, ನಿಮಗೇನಾದರೂ ಹೊಳೆಯುತ್ತದೆಯೇ ಎಂದು ಕೇಳಿದರು. ಆಸ್ಪತ್ರೆಯವರು ಶನಿವಾರಕ್ಕೆ ಬೋರ್ಡು ಕೇಳಿದ್ದರು. ಇಲ್ಲವಾದರೆ ಯಂತ್ರವನ್ನು ಹಿಂದಕ್ಕೆ ಕಳಿಸಿ ಕೆಲಸವನ್ನೇ ಬಿಟ್ಟುಕೊಡಬೇಕಾಗಿತ್ತು.

"ಹೊಸ ಯಂತ್ರ ಯಜಮಾನ್ರೇ, ನಂಗೇನು ಗೊತ್ತಾಗುತ್ತೆ," ಎಂದರು ಮೇಸ್ತ್ರಿ.

ನಾಲ್ಕು ಹೆಜ್ಜೆಯಾಚೆ ತಂಗಿ ನಿಂತಿದ್ದಳು. ಅವಳು ತಲೆಯೆತ್ತಿ ಅಣ್ಣನನ್ನು ನೋಡಿ, ಮತ್ತೆ ತಲೆ ತಗ್ಗಿಸಿದ್ದನ್ನು ನಾನು ಕಂಡೆ.

ಗುರುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಎದ್ದ ಹೊತ್ತು, ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಒಬ್ಬಳೇ ಕೂತು ಎದ್ದು ನಿಂತ ಚೂರುಗಳನ್ನು ಒಂದೊಂದಾಗಿ ಕೈಯಿಂದ ಬೆಸೆದು ಮಲಗಿಸುತ್ತಿದ್ದಳು. ಒಂದು ಬೋರ್ಡಿಗೆ ಮುನ್ನೂರು. ಶನಿವಾರದೊಳಗೆ ಮುಗಿಯುವ ಕೆಲಸವಲ್ಲವೆಂದು ಅವಳಿಗೂ ಗೊತ್ತಿತ್ತು. ತಪ್ಪು ತನ್ನದೆಂದು ಯಜಮಾನರಿಗೆ ಬರೆದುಕೊಟ್ಟ ಕಾಗದದ ನಕಲು ಪಕ್ಕದಲ್ಲಿತ್ತು. ಮೇಸ್ತ್ರಿಯವರು ನೀರಿಗೆಂದು ಹೊರಟವರು, ಅದೇನನ್ನಿಸಿತೋ, ಉಗ್ರಾಣ ಸುತ್ತದೆ ನೇರವಾಗಿ ಬಂದು ಅವಳ ಬೆನ್ನ ಹಿಂದೆ ನಿಂತರು. ಮೊಣಕೈ ಊರಿತ್ತು, ಉಸಿರು ಹಿಡಿದಿತ್ತು, ಸೋಲ್ಡರಿಂಗ್ ಕಡ್ಡಿಯ ತುದಿ ಮುಟ್ಟಿ ಬಿಡುವಷ್ಟರಲ್ಲಿ ಬೆಸುಗೆ ಕನ್ನಡಿಯಂತೆ ಕೂರುತ್ತಿತ್ತು. ತಮ್ಮ ಕೈಯಿಂದ ಎಂದೂ ಅಷ್ಟು ನಯವಾಗಿ ಬಂದಿರಲಿಲ್ಲ. ಕರುಣೆಯಿಂದ ಬಾಯಿಬಿಟ್ಟೆ ಎಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಇಂಥ ಕೈ ಇಂಥ ದಡ್ಡ ತಪ್ಪಿನ ಮುಂದೆ ಬಗ್ಗಿ ಕೂತಿರುವುದನ್ನು ನೋಡಿ ತಡೆಯಲಾಗಲಿಲ್ಲ, ಅಷ್ಟೇ.

"ಅವಸರ ಮಾಡ್ತಿದೀಯ," ಎಂದರು. "ಒಂದೇ ಸಲ ಆವಿಗೆ ಇಳಿಸಿದ್ರೆ ಒಂದು ತುದಿ ಮೊದ್ಲು ಕರಗಿ ಇನ್ನೊಂದನ್ನ ಎತ್ತಿಬಿಡುತ್ತೆ. ಮೇಲೆ ತೆಳ್ಳಗಿರೋ ಆವೀಲಿ ಸ್ವಲ್ಪ ಹೊತ್ತು ನಿಲ್ಲಿಸು. ಮೈ ಬೆಚ್ಚಗಾಗ್ಲಿ. ಆಮೇಲೆ ಇಳಿಸು."

ಅವಳು ಕಡ್ಡಿಯನ್ನು ಅದರ ಗೂಡಿಗೆ ಇಟ್ಟಳು. "ಎಷ್ಟು ಹೊತ್ತು?"

"ತೊಂಬತ್ತು ಸೆಕೆಂಡಿಂದ ಶುರು ಮಾಡು."

ಅವಳು ಅದನ್ನು ಬರೆದುಕೊಂಡಳು. ಬರೆದಾದ ಮೇಲೆ ತಲೆಯೆತ್ತದೆ ಕೇಳಿದಳು: "ನಿಂಗೆ ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಮೂರು ದಿನದಿಂದ ಪ್ರತಿ ಸಲ ತಲೆ ಎತ್ತಿದಾಗ್ಲೂ ನಿನ್ನ ಕಡೆನೇ ನೋಡಿದೀನಿ ಅಣ್ಣ," ಎಂದಳು. ಅಷ್ಟು ಹೇಳಿ ಎದ್ದು ಯಂತ್ರದ ಬಳಿಗೆ ಹೋದಳು.

ತೊಂಬತ್ತು ಸಾಲಲಿಲ್ಲ, ನೂರ ಹತ್ತಕ್ಕೆ ಚೂರುಗಳೆಲ್ಲ ಮಲಗಿದವು. ಸಂಜೆಯ ಹೊತ್ತಿಗೆ ನನ್ನ ಮೇಜಿನ ಮೇಲೆ ಸಾಲಾಗಿ ಬಂದ ಹನ್ನೆರಡು ಬೋರ್ಡುಗಳಲ್ಲಿ ಒಂದಕ್ಕೂ ಚೀಟಿ ಅಂಟಿಸುವ ಪ್ರಸಂಗ ಬರಲಿಲ್ಲ. ಶನಿವಾರ ಬೋರ್ಡುಗಳು ಆಸ್ಪತ್ರೆಗೆ ಹೊರಟವು. ಯಜಮಾನರು ಎಲ್ಲರನ್ನೂ ಸೇರಿಸಿದಾಗ ತಂಗಿ ಎದ್ದು, ದಾರಿ ತೋರಿಸಿದ್ದು ಅಣ್ಣ ಎಂದಳು. ಯಾವಾಗ ತೋರಿಸಿದ್ದು ಎಂಬುದನ್ನು ಹೇಳಲಿಲ್ಲ. ಚಪ್ಪಾಳೆಯೆದ್ದಿತು. ಮೇಸ್ತ್ರಿಯವರು ಒಂದು ತೋಳನ್ನು ಮೈಗೆ ಒತ್ತಿಕೊಂಡು ನಿಂತಿದ್ದರು; ಅವರ ಮುಖ ಹೊರಗಿನ ಬೋರ್ಡು ನೋಡುವಾಗಿನಂತೆಯೇ ಕಪ್ಪಿಟ್ಟಿತು. ಚಪ್ಪಾಳೆ ನಿಲ್ಲುವುದನ್ನು ಕಾದು, ಯಾರ ಮುಖವನ್ನೂ ನೋಡದೆ, "ನಂಗೆ ಸೋಮವಾರಾನೇ ಗೊತ್ತಿತ್ತು. ಬೇಕು ಅಂತ್ಲೇ ಹೇಳ್ಲಿಲ್ಲ," ಎಂದರು.

ಸತ್ಯವಂತ ಎಂದರು ಕೆಲವರು, ಹುಚ್ಚ ಎಂದರು ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ತಂಗಿಯ ಬೆಸುಗೆಯನ್ನು ಸಹಿಸದವರು ಅವಳ ಔದಾರ್ಯವನ್ನು ಸಹಿಸಿಯಾರೇ? ದೊಡ್ಡತನದಲ್ಲೂ ಅವಳು ತಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ನೋಡುತ್ತ ನಿಲ್ಲಲು ಅವರಿಂದಾಗಲಿಲ್ಲ. ಆ ತಪ್ಪೊಪ್ಪಿಗೆಯನ್ನು ಹೊಟ್ಟೆಕಿಚ್ಚೇ ಮಾಡಿಸಿತೆಂದು ಇಂದಿಗೂ ನನ್ನ ನಂಬಿಕೆ.

ಯಜಮಾನರು ಶಿಕ್ಷೆ ಕೊಡಲಿಲ್ಲ. ತಂಗಿ ಕೊಟ್ಟಳು: ಎರಡು ತಿಂಗಳು ಕೆಲಸದ ಮಾತಿನ ಹೊರತು ಒಂದು ಮಾತೂ ಆಡಲಿಲ್ಲ, ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಧ್ಯೆ ನುಗ್ಗಲು ನೋಡಿದ ಅತ್ತಿಗೆಗೆ, ಅವನಾಗಿ ಬಂದು ಕರೆಯಲಿ ಎಂದಳಂತೆ. ಮೇಸ್ತ್ರಿಯವರು ಹೋಗಿ ಕರೆದರು. ಏನೆಂದು ಕರೆದರೋ ನನಗೆ ತಿಳಿಯದು. ತಂಗಿಯ ಬಾಗಿಲಲ್ಲಿ ಕಾಲು ಗಂಟೆ ನಿಂತಿದ್ದರೆಂದಷ್ಟೇ ಅವರ ಹೆಂಡತಿ ಹೇಳಿದರು. ಅಲ್ಲಿಂದ ಮುಂದೆ ಭಾರದ ಬೋರ್ಡು ಆವಿಗೆ, ಹಗುರದ್ದು ಗಾಳಿಗೆ ಎಂದು ಕೆಲಸ ಹಂಚಿಕೆಯಾಯಿತು. ಪ್ರತಿದಿನ ಎಂಟು ಗಂಟೆಗೆ ಅವಳು ಮೊದಲ ಬೋರ್ಡು ಇಳಿಸುವಾಗ ಅಣ್ಣ ಕಿಂಡಿಯ ಮುಂದೆ ಬಹಿರಂಗವಾಗಿಯೇ ನಿಲ್ಲುತ್ತಿದ್ದರು. ತಪ್ಪಿದ್ದರೆ ಅಲ್ಲೇ ಹೇಳುತ್ತಿದ್ದರು. ತಪ್ಪಿಲ್ಲದಿದ್ದರೆ ಮಾತಿಲ್ಲದೆ ಹೊರಟುಹೋಗುತ್ತಿದ್ದರು, ಮತ್ತು ಆ ದಿನವೆಲ್ಲ ಅವರ ಹತ್ತಿರ ಸುಳಿಯುವಂತಿರಲಿಲ್ಲ. ಮಾತಿಲ್ಲದ ದಿನಗಳನ್ನು ತಂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕಿಯಿಟ್ಟು ಗುರುತು ಮಾಡುತ್ತಿದ್ದಳು.

ಅಸೂಯೆ ಷಡ್ವೈರಿಗಳ ಬಳಗಕ್ಕೆ ಸೇರಿದ್ದೆಂದು ಓದಿದ್ದೇವೆ, ಅದರಿಂದ ಆದ ಕೇಡನ್ನೂ ಕಣ್ಣಾರೆ ಕಂಡಿದ್ದೇವೆ. ಆ ಮೂರು ದಿನಗಳನ್ನು ನಾನು ಯಾರ ಲೆಕ್ಕದಿಂದಲೂ ಅಳಿಸಲಾರೆ. ಆದರೂ ನನಗನ್ನಿಸುವುದುಂಟು, ನಮ್ಮ ಕೆಲಸವನ್ನು ಹೊಗಳುವವರಲ್ಲಿ ಬಹುಪಾಲು ಮಂದಿ ಅದನ್ನು ಸರಿಯಾಗಿ ನೋಡಿಯೇ ಇರುವುದಿಲ್ಲ. ಸ್ನೇಹದಿಂದ, ದಾಕ್ಷಿಣ್ಯದಿಂದ, ಬೇಗ ಮನೆಗೆ ಹೋಗುವ ಆತುರದಿಂದ ಹೊಗಳಿ ಹೋಗುತ್ತಾರೆ. ಒಲೆ ಮೇಸ್ತ್ರಿಯಂಥವರು ಹಾಗಲ್ಲ. ಇನ್ನೊಬ್ಬರ ಕೈಚಳಕ ಅವರ ಕರುಳನ್ನು ಸುಡುತ್ತದೆ, ಸುಡುವುದರಿಂದಲೇ ಅವರು ಅದರ ಒಂದು ಎಳೆಯನ್ನೂ ಬಿಡದೆ ಕಾಣುತ್ತಾರೆ. ಇಂಥವರೊಡನೆ ಬದುಕುವುದು ಕಷ್ಟ, ಅವರನ್ನು ಕ್ಷಮಿಸುವುದು ಇನ್ನೂ ಕಷ್ಟ. ಆದರೆ ಮನಸ್ಸಿಟ್ಟು ಏನನ್ನಾದರೂ ಮಾಡಿ ಮುಗಿಸಿದ ದಿನ, ಅದು ನಿಜಕ್ಕೂ ಚೆನ್ನಾಗಿದೆಯೇ ಎಂದು ತಿಳಿಯಬೇಕಾದಾಗ, ನಾವು ಹುಡುಕಿಕೊಂಡು ಹೋಗುವುದು ಇವರ ಮುಖವನ್ನೇ.